ಮಡಚಿದರೆ ದಪ್ಪವಾಗುವ ಸೈಕಲ್ಲು

ಮೊನ್ನೆ ಶಿಕಾರಿಪುರದ ಪೇಟೆಯಲ್ಲಿ ಇಸ್ತ್ರಿ ಮಾಡಲು ಒಂದು ಮೇಜು ಕೊಳ್ಳೋಣವೆಂದು ಹೋಗಿದ್ದೆ. ಅಂಗಡಿಯ ಯಜಮಾನರು ಒಳಗಿನಿಂದ ಒಂದನ್ನು ಎತ್ತಿಕೊಂಡು ಬಂದು, ಅದರ ಬೆನ್ನು ಸವರುತ್ತ, "ಇದರ ವಿಶೇಷ ಏನು ಗೊತ್ತೇನ್ರೀ ಮೇಡಂ? ಮಡಚಬಹುದು" ಎಂದರು.

"ಮಡಚಾಕೆ ಬರದೇ ಇರೋದು ಇದ್ರೆ ಕೊಡ್ರಿ, ಇಲ್ಲಾಂದ್ರೆ ಬಿಡ್ರಿ" ಎಂದೆ.

ನಾನು ಹೇಳಿದ ರೀತಿಗೆ, ಪಕ್ಕದಲ್ಲಿ ಕುಕ್ಕರಿನ ರಬ್ಬರು ಆರಿಸುತ್ತಿದ್ದ ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದಳು. ಯಜಮಾನರು ಪಾಪ, ತಪ್ಪು ತಮ್ಮದೋ ಮೇಜಿನದೋ ತಿಳಿಯದೆ ಎರಡೂ ಕಡೆ ನೋಡಿದರು. ತಪ್ಪು ಅವರದಲ್ಲ. 'ಮಡಚಬಹುದು' ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ನೀವೂ ನನ್ನನ್ನು ಜಗಳಗಂಟಿ ಎಂದು ತೀರ್ಮಾನಿಸುವ ಮೊದಲು ಸ್ವಲ್ಪ ಕೇಳಿಸಿಕೊಳ್ಳಿ.

ಮಡಚುವ ವಸ್ತುಗಳ ಮೇಲೆ ನನಗೆ ನಂಬಿಕೆ ಚಿಕ್ಕಂದಿನಲ್ಲೇ ಹೋಗಿತ್ತು. ನಮ್ಮ ದೊಡ್ಡಮ್ಮನ ಮಗಳ ಮದುವೆಗೆ ಶಾಮಿಯಾನದವರಿಂದ ಕಬ್ಬಿಣದ ಮಡಚು ಕುರ್ಚಿಗಳು ಬಾಡಿಗೆಗೆ ಬಂದಿದ್ದವು. ಗಂಡಿನ ಕಡೆಯ ರುದ್ರಪ್ಪಜ್ಜ ಅಂತ ಒಬ್ಬರು, ಭಾರೀ ಆಳು, ಕೈಯಲ್ಲಿ ಲಾಡು ಹಿಡಿದು ಒಂದರ ಮೇಲೆ ಕುಳಿತರು. ಕುರ್ಚಿ ಅವರನ್ನು ಒಳಕ್ಕೆ ಎಳೆದುಕೊಂಡು ಮುಚ್ಚಿಕೊಂಡಿತು. ಹೊರಗೆ ಕಾಣಿಸುತ್ತಿದ್ದದ್ದು ಎರಡು ಪಾದ ಮತ್ತು ಲಾಡು ಹಿಡಿದ ಕೈ ಮಾತ್ರ. ನಾಲ್ಕು ಜನ ಸೇರಿ ಅವರನ್ನು ಬಿಡಿಸಿಕೊಂಡರು. ಅಜ್ಜ ಲಾಡು ಬಿಟ್ಟಿರಲಿಲ್ಲ. ಆದರೆ ಹೆಣ್ಣಿನ ಕಡೆಯವರು ಬೇಕೆಂದೇ ಆ ಕುರ್ಚಿ ಹಾಕಿದ್ದರೆಂದು ಸಾಯುವತನಕ ಹೇಳಿಕೊಂಡು ಓಡಾಡಿದರು. ಮಡಚುವ ಕೊಡೆಗಳ ವಿಷಯ ಬೇಡವೇ ಬೇಡ. ಮಳೆ ಬಂದಾಗ ಬಿಚ್ಚುವುದಿಲ್ಲ, ನಿಂತಾಗ ಮಡಚುವುದಿಲ್ಲ.

ಸೈಕಲ್ಲು ಮಾತ್ರ ಮಡಚುವ ವಸ್ತುವೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಮ್ಮಪ್ಪ ಹಳ್ಳಿಗಳಿಗೆ ಅಂಚೆ ಹಂಚುತ್ತಿದ್ದವರು. ಅವರು ಸಂಜೆ ಮನೆಗೆ ಬಂದು ಮುಖ ತೊಳೆಯುವಷ್ಟರಲ್ಲಿ ನಾನು ಅವರ ಸೈಕಲ್ಲನ್ನು ಎಗರಿಸಿಕೊಂಡು ಹೊರಟಿರುತ್ತಿದ್ದೆ. ಸೀಟು ನನ್ನ ತಲೆಯ ಮಟ್ಟಕ್ಕಿತ್ತು. ಹಾಗಾಗಿ ತ್ರಿಕೋನದ ಒಳಗೆ ಒಂದು ಕಾಲು ತೂರಿಸಿ, ಏಡಿಯ ಹಾಗೆ ಸೊಟ್ಟಗೆ ನೇತುಬಿದ್ದು, ಅರ್ಧರ್ಧ ಪೆಡಲು ತುಳಿಯುತ್ತ ಕೆರೆ ಏರಿಯವರೆಗೆ ಹೋಗಿ ಬರುತ್ತಿದ್ದೆ. ಆ ಸೈಕಲ್ಲೂ ಒಮ್ಮೆ ಮಡಚಿತ್ತು ಅನ್ನಿ, ಅದರ ಮೇಲೆ ಎತ್ತಿನಗಾಡಿ ಹತ್ತಿದಾಗ. ಅಪ್ಪ ಅದನ್ನು ಸೈಕಲ್ಲಿನ ವಿಶೇಷ ಎಂದು ಯಾರಿಗೂ ಹೇಳಲಿಲ್ಲ.

ಈಗ ನನ್ನ ಕೆಲಸದ ವಿಷಯ ಹೇಳಬೇಕು. ನಾನು ಪರವಾನಗಿ ಇರುವ ಭೂಮಾಪಕಿ. ಜಮೀನು ಅಳೆಯುವುದು, ಗಡಿ ಗುರುತಿಸುವುದು, ಅಣ್ಣತಮ್ಮಂದಿರು ಬೈದಾಡುವಾಗ ನಡುವೆ ಅಳತೆಯ ಸರಪಳಿ ಹಿಡಿದು ನಿಲ್ಲುವುದು. ಹಳ್ಳಿಯವರು 'ಸರ್ವೆ ಮೇಡಂ' ಎನ್ನುತ್ತಾರೆ. ಮನೆ ಶಿಕಾರಿಪುರದಲ್ಲಿ, ಅಳೆಯಬೇಕಾದ ಹೊಲಗದ್ದೆಗಳೆಲ್ಲ ಸೊರಬ ತಾಲ್ಲೂಕಿನಲ್ಲಿ. ಸೊರಬದವರೆಗೆ ಬಸ್ಸು ಉಂಟು. ಅಲ್ಲಿಂದಾಚೆ ಬಸ್ಸು ತನಗೆ ಮನಸ್ಸಾದಾಗ ಬರುತ್ತದೆ. ಸ್ಕೂಟರು ಕಲಿಯಿರಿ ಎಂದು ನೀವು ಹೇಳುತ್ತೀರಿ, ಗೊತ್ತು. ಕಲಿತೆ. ಕಲಿತ ಮೂರನೆಯ ದಿನ ಹುಲ್ಲಿನ ಬಣವೆಯೊಂದರ ಈ ಕಡೆಯಿಂದ ಒಳಹೊಕ್ಕೆ. ಆ ಕಡೆಯಿಂದ ಹೊರಬರಲು ಆಗಲಿಲ್ಲ. ಆಮೇಲೆ ಎಂಜಿನ್ ಇರುವ ಯಾವುದನ್ನೂ ಮುಟ್ಟಿಲ್ಲ.

ನನ್ನ ಗಂಡ ಶಿವಾನಂದರದು ಜೆರಾಕ್ಸ್ ಅಂಗಡಿ. ಒಂದು ಸೋಪು ಕೊಳ್ಳಬೇಕಾದರೂ ಅದನ್ನು ಕೊಂಡವರೆಲ್ಲ ಏನು ಬರೆದಿದ್ದಾರೆಂದು ಫೋನಿನಲ್ಲಿ ಓದುವ ಮನುಷ್ಯ. ಕಳೆದ ವರ್ಷ ಒಂದು ಸಂಜೆ ಬಹಳ ಗಂಭೀರವಾಗಿ ಬಂದು ಕುಳಿತರು.

"ಗಿರಿಜಾ, ನಿನ್ನ ತೊಂದರೆಗೆ ಪರಿಹಾರ ಸಿಕ್ತು. ಬೆಟ್ಟ ಹತ್ತೋ ಸೈಕಲ್ಲು. ಪೂರಾ ದೊಡ್ಡ ಗಾಲಿ, ಇಪ್ಪತ್ತಾರು ಇಂಚು. ಆದ್ರೆ ಮಡಚಬಹುದು! ಬಸ್ಸಿಗೆ ಹಾಕ್ಕೋ, ಸೊರಬದಲ್ಲಿ ಇಳಿ, ಬಿಚ್ಚು, ಹೊರಡು. ಗುಣ ದೋಷ ಎರಡೂ ತೂಗಿ ನೋಡೀನಿ."

"ಗುಣ ಏನು?"

"ಗುಂಡಿ ಬಿದ್ದ ರಸ್ತೆಗೆ ಹೆದರಲ್ಲ. ಗೇರು ಇಪ್ಪತ್ತೊಂದು. ಮಡಚಿದ್ರೆ ಕಾರಿನ ಡಿಕ್ಕಿಯೊಳಗೆ ಹಿಡಿಯುತ್ತೆ."

"ನಮಗೆ ಕಾರೆಲ್ಲಿದೆ?"

"ಇದ್ದಿದ್ರೆ ಹಿಡಿಯೋದು" ಎಂದರು. "ದೋಷ ಅಂದ್ರೆ, ಸ್ವಲ್ಪ ತೂಕ ಅಂತ ಬರೆದಾರೆ."

ಸ್ವಲ್ಪ! ಆ 'ಸ್ವಲ್ಪ' ಬರೆದವನು ಸಿಕ್ಕರೆ ಆ ಸೈಕಲ್ಲನ್ನು ಅವನ ಹೆಗಲಿಗೆ ಹೊರಿಸಿ ಬಸ್ಸಿನ ಮೆಟ್ಟಿಲು ಹತ್ತಿಸಬೇಕು. ಪೂರಾ ಉಕ್ಕು. ಎತ್ತಿದರೆ ಒಂದು ಮೂಟೆ ಗೊಬ್ಬರ ನೆನಪಾಗುತ್ತದೆ. ಗೊಬ್ಬರಕ್ಕಾದರೂ ಪೆಡಲು ಇರುವುದಿಲ್ಲ, ಮೊಣಕಾಲಿಗೆ ಬಡಿಯುವುದಿಲ್ಲ.

ನ್ಯಾಯವಾಗಿ ಹೇಳಬೇಕು, ಓಡಿಸಲು ಅದು ಬಂಗಾರ. ಕೆಸರಿನ ಹಾದಿಯಲ್ಲಿ ಆ ದಪ್ಪ ಟೈರು ಎಮ್ಮೆಯ ಹಾಗೆ ನಿಶ್ಚಿಂತೆಯಿಂದ ಹೋಗುತ್ತಿತ್ತು. ಗದ್ದೆಯ ಬದುವಿನ ಮೇಲೆ, ಬೈಕಿನವರೆಲ್ಲ ಇಳಿದು ತಳ್ಳುವ ಕಡೆ, ನಾನು ಕುಳಿತೇ ದಾಟುತ್ತಿದ್ದೆ. ಮೊದಲ ಸಲ ಬಂದಳಿಕೆಯ ಕಡೆಗೆ ಹೋದಾಗ, ಆ ಪಾಳುಗುಡಿಗಳ ಹಿಂದಿನ ಕಲ್ಲುದಾರಿಯಲ್ಲಿ ಸೀಟಿನಿಂದ ಎದ್ದು ನಿಂತು ಪೆಡಲು ತುಳಿಯುತ್ತ, ನಲವತ್ತೆಂಟು ವರ್ಷದ ಹೆಂಗಸು ನಾನು, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಮ್ಮೆ ಕೂಗು ಹಾಕಿದೆ. ಅದೆಲ್ಲ ಗುಣಗಳ ಪಟ್ಟಿಗೆ ಸೇರಲಿ.

ನನ್ನ ಸಿಟ್ಟು ಇರುವುದು ಮಡಚುವುದರ ಮೇಲೆ. ಮಡಚಿದ ವಸ್ತು ಚಿಕ್ಕದಾಗಬೇಕಲ್ಲವೇ? ಸೀರೆ ಮಡಚಿದರೆ ಚಿಕ್ಕದಾಗುತ್ತದೆ, ಚಾಪೆ ಮಡಚಿದರೆ ಚಿಕ್ಕದಾಗುತ್ತದೆ. ಪೂರ್ತಿ ಗಾತ್ರದ ಸೈಕಲ್ಲನ್ನು ಮಡಚಿದರೆ ಅದು ಚಿಕ್ಕದಾಗುವುದಿಲ್ಲ, ದಪ್ಪವಾಗುತ್ತದೆ. ಉದ್ದ ಅರ್ಧವಾಗುತ್ತದೆ, ದಪ್ಪ ಎರಡರಷ್ಟಾಗುತ್ತದೆ, ಎಣ್ಣೆ ಮೆತ್ತಿದ ಸರಪಳಿ ಹೊರಗೆ ಬಂದು ಯಾರ ಬಟ್ಟೆ ಸಿಗುತ್ತದೋ ಎಂದು ಕಾಯುತ್ತ ಕೂರುತ್ತದೆ. ನನ್ನ ಎಷ್ಟು ಚೂಡಿದಾರ ಅದಕ್ಕೆ ಬಲಿಯಾದವೋ.

ನಮ್ಮ ಬೀದಿಯ ತುದಿಯಲ್ಲಿ ಇಮಾಮ್‌ಸಾಬರ ಸೈಕಲ್ ರಿಪೇರಿ ಅಂಗಡಿ. ಅವರ ತಂದೆಯ ಕಾಲದಿಂದ ಇದೆ. ಕೊಂಡ ತಿಂಗಳಲ್ಲೇ ಕೀಲು ಕಿರಗುಟ್ಟತೊಡಗಿತೆಂದು ಒಯ್ದು ತೋರಿಸಿದೆ. ಅವರು ಮುಟ್ಟಲಿಲ್ಲ. ಕೈ ಬೆನ್ನಹಿಂದೆ ಕಟ್ಟಿಕೊಂಡು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಇದನ್ನ ಮುರಿದೋರು ಯಾರು ಮೇಡಂ?"

"ಮುರಿದಿಲ್ಲ ಸಾಬ್ರೇ. ಮಡಚೋದು."

"ಸೈಕಲ್ ಅಂದ್ರೆ ನಡುವಿಂದು ಒಂದೇ ಎಲುಬು. ಎಲುಬು ಎಲ್ಲೆಲ್ಲಿ ಮಡಚಬೇಕು ಅಂತ ಮೇಲಿನವನು ಯೋಚನೆ ಮಾಡಿ ಕೀಲು ಇಟ್ಟಾನೆ. ತೊಡೆ ನಡುವೆ ಇಟ್ಟಾನೇನು? ಇವರು ತೊಡೆ ನಡುವೆ ಇಟ್ಟಾರೆ ನೋಡ್ರಿ." ಆಮೇಲೆ ಎರಡು ಹನಿ ಎಣ್ಣೆ ಬಿಟ್ಟು, "ಕೀಲು ಬಿಗಿಯೋ ಈ ಚಿಲಕದ ಮೇಲೆ ಕಣ್ಣಿರಲಿ" ಎಂದರು.

ಬಸ್ಸಿನಲ್ಲಿ ನನ್ನ ವೈರಿಯಾಗಿದ್ದವರು ಕಂಡಕ್ಟರ್ ಚಂದ್ರಪ್ಪ. ಬೆಳಗಿನ ಎಂಟರ ಬಸ್ಸಿನವರು. ಮೊದಲ ದಿನ ನಾನು ಏದುಸಿರು ಬಿಡುತ್ತ ಹತ್ತಿದಾಗ ಶುರುವಾದ ಜಗಳ ಏಳು ತಿಂಗಳು ನಡೆಯಿತು.

"ಸೈಕಲ್ಲು ಒಳಗೆ ತರಂಗಿಲ್ಲ ಮೇಡಂ."

"ಇದು ಮಡಚಿದ ಸೈಕಲ್ಲು."

"ಮಡಚಿದ್ರೆ ಸೈಕಲ್ಲಲ್ಲ ಅಂತ ಆಗ್ತದೇನ್ರೀ? ನೀವು ಮುದುಡ್ಕಂಡು ಕುಂತ್ರೆ ನಾನು ಹಾಫ್ ಟಿಕೆಟ್ ಕೊಡ್ತೀನಾ?"

ಬಸ್ಸೆಲ್ಲ ನಕ್ಕಿತು. ನಾನು ಲಗೇಜಿನ ಟಿಕೆಟು ಹರಿಸಿಕೊಂಡೆ. ಮರುದಿನ ಮತ್ತೆ ವಾದ. ಬುಟ್ಟಿಯಲ್ಲಿ ಕೋಳಿ ತರುತ್ತಾರೆ, ಹಲಸಿನಹಣ್ಣು ತರುತ್ತಾರೆ, ಒಬ್ಬಾತ ಕಿಟಕಿಯ ಚೌಕಟ್ಟನ್ನೇ ತಂದಿದ್ದ, ಅದಕ್ಕೆಲ್ಲ ಇಲ್ಲದ ತಕರಾರು ನನ್ನ ಸೈಕಲ್ಲಿಗೇಕೆ? "ಕೋಳಿ ಯಾರ ಮೊಣಕಾಲಿಗೂ ಬಡೀಲಿಲ್ಲ" ಎನ್ನುತ್ತಿದ್ದರು ಚಂದ್ರಪ್ಪ. ಶಿರಾಳಕೊಪ್ಪ ಬರುವವರೆಗೆ ನಾನು, ಅಲ್ಲಿಂದ ಸೊರಬದವರೆಗೆ ಅವರು. ಕೆಲವರು ಮುಂದಿನ ಸೀಟು ಹಿಡಿಯುತ್ತಿದ್ದದ್ದೇ ನಮ್ಮ ವಾದ ಕೇಳಲು ಎಂದು ನನ್ನ ಗುಮಾನಿ.

ಹೀಗಿರುವಾಗ ಹಾಲಮ್ಮನ ಗದ್ದೆಯ ಅಳತೆ ಬಂತು.

ಹಾಲಮ್ಮ ಗುಡವಿಯ ಆಚೆಯ ಹಳ್ಳಿಯ ವಿಧವೆ, ಎಪ್ಪತ್ತು ದಾಟಿದ ಮುದುಕಿ. ತವರಿನಿಂದ ಪಾಲಾಗಿ ಬಂದ ಸಣ್ಣದೊಂದು ಗದ್ದೆ ಅವರದು. ಪಕ್ಕದ ಗದ್ದೆ ಅವರ ತಮ್ಮನದು. ತಮ್ಮ ತೀರಿಕೊಂಡ ಮೇಲೆ ಅವನ ಮಗ ನಾಗರಾಜ ಉಳುತ್ತಿದ್ದ. ಪ್ರತಿ ವರ್ಷ ಉಳುವಾಗ ನಡುವಿನ ಬದುವನ್ನು ಒಂದು ಸಾಲಿನಷ್ಟು ಅತ್ತೆಯ ಕಡೆಗೆ ಸರಿಸುತ್ತಾನೆಂದು ಹಾಲಮ್ಮನ ದೂರು. ಗಡಿ ಗುರುತಿಸಿಕೊಡಿ, ಅಂದರೆ ಹದ್ದುಬಸ್ತು ಮಾಡಿಕೊಡಿ ಎಂದು ಅರ್ಜಿ ಹಾಕಿದ್ದರು. ಒಮ್ಮೆ ಮಳೆ ಸುರಿದು ಅಳತೆ ನಿಂತಿತು. ಇನ್ನೊಮ್ಮೆ ನಾಗರಾಜ ಬರಲೇ ಇಲ್ಲ. ಮೂರನೆಯ ನೋಟಿಸು ಕೊಟ್ಟಿದ್ದೆ, ಹನ್ನೊಂದು ಗಂಟೆಗೆ. ಆ ವಾರ ಕಳೆದರೆ ನಾಟಿ. ಗದ್ದೆಗೆ ನೀರು ನಿಂತರೆ ಕೊಯ್ಲಿನವರೆಗೆ ಅಳತೆ ಇಲ್ಲ, ಅಷ್ಟರಲ್ಲಿ ಇನ್ನೊಂದು ಉಳುಮೆ. ಎಲ್ಲಕ್ಕಿಂತ ಹೆಚ್ಚಾಗಿ, ಹಾಲಮ್ಮನಿಗೆ ಎಪ್ಪತ್ತು ದಾಟಿತ್ತು.

ಅವತ್ತೇ ಎಂಟರ ಬಸ್ಸಿಗೆ ಒಂದು ಮದುವೆ ದಿಬ್ಬಣ ಹತ್ತಿಬಿಡಬೇಕೇ! ಚಂದ್ರಪ್ಪ ಬಾಗಿಲಲ್ಲೇ ಕೈ ಅಡ್ಡ ಹಿಡಿದರು.

"ಇವತ್ತು ಬೇಡ್ರಿ. ನೀವು ಹತ್ರಿ, ಸೈಕಲ್ಲು ಬಿಟ್ಟು ಹತ್ರಿ."

"ಸೈಕಲ್ಲು ಬಿಟ್ಟು ಅಲ್ಲಿ ಏನು ಮಾಡ್ಲಿ? ನಡ್ಕೊಂಡು ಹೋಗ್ಲಾ ಗುಡವಿಗೆ?"

"ಒಳಗೆ ಮದುಮಗಳ ಸೋದರಮಾವ ಒಂಟಿ ಕಾಲಾಗೆ ನಿಂತಾನೆ ಮೇಡಂ, ನಿಮ್ಮ ಸೈಕಲ್ಲು ಯಾರ ತಲಿ ಮ್ಯಾಲೆ ಇಡ್ಲಿ?"

ಬಸ್ಸು ಹೋಯಿತು. ಅದರ ಹಿಂದೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಬಸ್ಸು ಹಿಡಿದು ಸೊರಬದಲ್ಲಿ ಇಳಿದಾಗ ಹನ್ನೊಂದು ಹೊಡೆದಿತ್ತು. ಅಡಿಕೆ ಮಂಡಿಗಳ ಮುಂದೆ ಸೈಕಲ್ಲು ಬಿಚ್ಚಿ, ಸರಪಳಿ, ಟೇಪು, ಗೂಟಗಳ ಚೀಲವನ್ನು ಹಿಂದೆ ಕಟ್ಟಿ, ಹೊಟ್ಟೆಯೊಳಗೆ ಚಂದ್ರಪ್ಪನನ್ನು ಬೈಯುತ್ತ ತುಳಿದೆ. ಸಿಟ್ಟಿಗೆ ಒಂದು ಉಪಯೋಗವಿದೆ, ಏರು ಹತ್ತುವಾಗ ಗೇರು ಬೇಕಾಗುವುದಿಲ್ಲ.

ಗುಡವಿಯ ಕೆರೆ ಕಾಣಿಸಿತು. ಹಕ್ಕಿಗಳು ಗೂಡು ಕಟ್ಟುವ ಕಾಲ, ನೀರಿನ ನಡುವಿನ ಮರಗಳೆಲ್ಲ ಬೆಳ್ಳಗಾಗಿದ್ದವು. ಇಳಿಜಾರಿನಲ್ಲಿ ವೇಗ ತಗ್ಗಿಸಲು ಬ್ರೇಕು ಹಿಡಿದೆ. ಕಾಲ ಸಂದಿಯಲ್ಲಿ 'ಟಣ್' ಎಂದಿತು. ಚಿಲಕ ಮುರಿದಿತ್ತು. ಮುಂದಿನ ಗಾಲಿ ನಿಂತಿತು, ಹಿಂದಿನ ಗಾಲಿ ಅದನ್ನು ಮಾತಾಡಿಸಲು ಬಂತು, ಏಳು ತಿಂಗಳಿನಿಂದ ನಾನು ಒದ್ದಾಡಿ ಮಡಚುತ್ತಿದ್ದ ಸೈಕಲ್ಲು ಕ್ಷಣಾರ್ಧದಲ್ಲಿ ತಾನಾಗಿ ಮಡಚಿಕೊಂಡಿತು. ನಾನು ರಸ್ತೆಯ ಪಕ್ಕದ ಲಂಟಾನದ ಪೊದೆಯೊಳಗೆ.

ತಲೆ ಎತ್ತಿದರೆ ಹತ್ತು ಮಾರು ಆಚೆ ಇಬ್ಬರು ಮಹನೀಯರು. ಹಸಿರು ಟೋಪಿ, ತೋಳುದ್ದದ ಕ್ಯಾಮೆರಾ. ಅಬ್ಬ, ಯಾರೋ ಇದ್ದಾರಲ್ಲ ಎಂದು "ಸಾರ್..." ಎಂದೆ. ಒಬ್ಬರು ತಿರುಗಿದರು. ತುಟಿಯ ಮೇಲೆ ಬೆರಳಿಟ್ಟರು.

"ಶ್ಶ್... ಮೇಡಂ, ದಯವಿಟ್ಟು ಅಲ್ಲಾಡಬೇಡಿ. ಹಾರಿಹೋಗುತ್ತೆ."

ನೀವೇ ಹೇಳಿ! ಮೊಣಕೈಯಿಂದ ರಕ್ತ ಇಳಿಯುತ್ತಿದೆ, ಸೈಕಲ್ಲು ಎರಡಾಗಿ ಮಡಚಿ ಬಿದ್ದಿದೆ, ಇವರಿಗೆ ಹಕ್ಕಿ ಹಾರಿಹೋಗುವ ಚಿಂತೆ. ನಾಚಿಕೆಯ ವಿಷಯವೆಂದರೆ, ನಾನು ನಿಜವಾಗಿಯೂ ಸ್ವಲ್ಪ ಹೊತ್ತು ಅಲ್ಲಾಡದೆ ಕುಳಿತೆ. ಅಷ್ಟು ಮರ್ಯಾದೆಯಿಂದ ಹೇಳಿದ್ದರು. ಹಕ್ಕಿ ಹಾರಿದ ಮೇಲೆ ನೆನಪಾಗಿ ಸಿಟ್ಟು ಬಂತು. ಎದ್ದು ನಿಂತು ನನಗೆ ಗೊತ್ತಿದ್ದ ಕನ್ನಡವನ್ನೆಲ್ಲ ಅವರ ಮೇಲೆ ಬಳಸಿದೆ. ಕೆರೆಯ ಅರ್ಧ ಮರ ಖಾಲಿಯಾಯಿತು. ಅವರು ಕಾರು ಹತ್ತಿ ಹೋದರು.

ಆಗ ಎದುರಿನಿಂದ ಒಂದು ಬೈಕು ಬಂದು ನಿಂತಿತು. ನಾಗರಾಜ.

"ಅಯ್ಯೋ, ಎಂತ ಮಾಡ್ಕಂಡ್ರಿ ಮೇಡಂ? ಹನ್ನೊಂದಕ್ಕೆ ಅಂತ ನೋಟಿಸು, ಹನ್ನೆರಡೂವರೆ ಆತು, ನೀವು ಬರಲ್ಲ ಅಂತ ನಾನು ಹೊಂಟೆ. ಕೈ ರಕ್ತ ಆಗ್ಯದಲ್ಲ. ಹತ್ತಿ ಗಾಡಿ, ಸೊರಬದ ಆಸ್ಪತ್ರೆಗೆ ಬಿಡ್ತೀನಿ."

"ಅಳತೆ?"

"ಅಳತೆ ಎಲ್ಲಿಗೆ ಓಡಿ ಹೋಗ್ತದೆ? ನಾಟಿ ಆಗ್ಲಿ, ಕೊಯ್ಲು ಆಗ್ಲಿ. ನೀವು ಆರಾಮಾಗಿ ಬಂದ್ರೆ ಆತು. ಜೀವ ದೊಡ್ಡದು ಅಲ್ದಾ?"

ಎಷ್ಟು ಮೃದುವಾಗಿ ಹೇಳಿದ ಅಂದರೆ, ಒಂದು ಗಳಿಗೆ ನನಗೂ ಅದೇ ಸರಿ ಅನ್ನಿಸಿತು. ಆಸ್ಪತ್ರೆಯ ಬೆಂಚು, ಬಿಸಿ ಕಾಫಿ, ಮನೆ. ಯಾರೂ ನನ್ನನ್ನು ತಪ್ಪು ಅನ್ನುತ್ತಿರಲಿಲ್ಲ. ನಾಗರಾಜನ ಕಣ್ಣು ನೋಡಿದೆ. ಕಣ್ಣಿನಲ್ಲೂ ಕೆಟ್ಟತನ ಇರಲಿಲ್ಲ. ಅವನಿಗೆ ನನ್ನ ಗಾಯದ ಬಗ್ಗೆ ನಿಜವಾಗಿಯೂ ಮರುಕವಿತ್ತು, ತನ್ನ ಬದುವಿನ ಬಗ್ಗೆ ಅದಕ್ಕಿಂತ ಸ್ವಲ್ಪ ಹೆಚ್ಚಿತ್ತು, ಅಷ್ಟೇ. ಆ 'ಸ್ವಲ್ಪ'ಕ್ಕೆ ನನಗೆ ಉರಿ ಹತ್ತಿತು.

"ಹಿಂದಕ್ಕೆ ತಿರುಗಿಸ್ರಿ ಗಾಡಿ. ಅಳತೆ ಇವತ್ತೇ" ಎಂದೆ.

"ಹಂಗಾರೆ ಹತ್ತಿ, ಗದ್ದೆಗೇ ಬಿಡ್ತೀನಿ."

ಅದೂ ಆಗುವಂತಿರಲಿಲ್ಲ. ಒಂದು ಕಡೆಯವರ ಗಾಡಿಯಲ್ಲಿ ಕುಳಿತು ಅಳೆಯಲು ಹೋದ ಭೂಮಾಪಕಿಯನ್ನು ಇನ್ನೊಂದು ಕಡೆಯವರು ಏಕೆ ನಂಬಬೇಕು? ನಡೆದೇ ಹೋಗಬೇಕು. ಚೀಲ ಹೊತ್ತು ನಡೆಯುವಷ್ಟು ಹಗುರವಿಲ್ಲ, ನಡುವೆ ಮುರಿದ ಸೈಕಲ್ಲನ್ನು ತಳ್ಳಲು ಬರುವುದಿಲ್ಲ. ಚೀಲದಿಂದ ಗಡಿಗೆ ನೆಡುವ ಎರಡು ಮರದ ಗೂಟ ತೆಗೆದೆ. ಮುರಿದ ಕೈಗೆ ಬಿದಿರಿನ ದಬ್ಬೆ ಕಟ್ಟುತ್ತಾರಲ್ಲ, ಹಾಗೆ ಕೀಲಿನ ಎರಡೂ ಪಕ್ಕಕ್ಕೆ ಗೂಟ ಇಟ್ಟು, ನೈಲಾನ್ ಹುರಿ ಸುತ್ತಿ ಸುತ್ತಿ ಬಿಗಿದೆ. ಹತ್ತಿ ತುಳಿಯುವ ಧೈರ್ಯ ಬರಲಿಲ್ಲ. ಚೀಲ ಹೇರಿಕೊಂಡು ತಳ್ಳುತ್ತ ಹೊರಟೆ. ನಾಗರಾಜ ನೋಡುತ್ತ ನಿಂತಿದ್ದವನು ಬೈಕು ತಿರುಗಿಸಿದ. ದಾಟಿ ಹೋಗಲು ಅವನಿಗೆ ಯಾಕೋ ಮುಜುಗರ, ಪೂರ್ತಿ ದಾರಿ ಒಂದನೇ ಗೇರಿನಲ್ಲಿ ಗುರುಗುರು ಎನ್ನುತ್ತ ನನ್ನ ಹಿಂದೆಯೇ ಬಂದ.

ಹಾಲಮ್ಮ ಗದ್ದೆಯ ಮೂಲೆಯಲ್ಲಿ ಹಳೆಯ ಬಾಂದುಕಲ್ಲಿನ ಮೇಲೆ ಕುಳಿತಿದ್ದರು. ಸರ್ಕಾರ ಯಾವ ಕಾಲದಲ್ಲೋ ಗಡಿಗೆ ನೆಟ್ಟ ಕಲ್ಲು ಅದು.

"ಬಂದ್ಯಾ ತಂಗಿ? ಬೆಳಿಗ್ಗಿಂದ ಇದರ ಮೇಲೇ ಕೂತೀನಿ. ನಾನು ಎದ್ದರೆ ಕಲ್ಲೂ ಎದ್ದು ಹೋಗ್ತದೆ ಅಂತ ಹೆದರಿಕೆ."

ಊರಿನ ನಾಲ್ಕು ಜನ ಸಾಕ್ಷಿಗೆ ನಿಂತರು. ನಕ್ಷೆ ಹರಡಿ, ಆ ಕಲ್ಲಿನಿಂದಲೇ ಸರಪಳಿ ಎಳೆದೆವು. ಮೊಣಕೈ ನೋಯುತ್ತಿತ್ತು. ಹಾಲಮ್ಮ ಕೂತಲ್ಲಿಂದಲೇ ಮಜ್ಜಿಗೆ ತರಿಸಿದರು, ಬೇಡ ಎಂದೆ, ಅರ್ಜಿದಾರರ ಮನೆಯದನ್ನು ಕುಡಿಯಬಾರದು. ಗಾಯಕ್ಕೆ ಅರಿಶಿನ ತರಿಸಿದರು, ಹಚ್ಚಿಸಿಕೊಂಡೆ. ಅರಿಶಿನದ ಬಗ್ಗೆ ನಾನು ಓದಿದ ನಿಯಮಗಳಲ್ಲಿ ಏನೂ ಇರಲಿಲ್ಲ. ಎರಡು ಸಲ ಅಳೆದೆ, ಎರಡು ಸಲವೂ ಒಂದೇ ಉತ್ತರ. ಬದು ಇರಬೇಕಾದ ಜಾಗದಿಂದ ಎಂಟು ಅಡಿ ಹಾಲಮ್ಮನ ಗದ್ದೆಯೊಳಗೆ ಬಂದು ಕುಳಿತಿತ್ತು.

"ಅದು ನಮ್ಮಪ್ಪನ ಕಾಲದ ಬದು" ಎಂದ ನಾಗರಾಜ.

ಹಾಲಮ್ಮ ಕಲ್ಲಿನ ಮೇಲಿಂದ ಏಳಲಿಲ್ಲ. "ನಿಮ್ಮಪ್ಪ ನನ್ನ ತಮ್ಮ ಕಣಾ. ಅವನನ್ನ ಸೊಂಟದ ಮೇಲೆ ಕೂರಿಸ್ಕಂಡು ಈ ಬದುವಿನ ಮೇಲೆ ಓಡಾಡೀನಿ. ಬದು ಎಲ್ಲಿತ್ತು ಅಂತ ನಂಗೆ ಗೊತ್ತಿಲ್ಲನ?"

ನಾನು ಗೂಟ ನೆಡುತ್ತ ಬಂದೆ. ಕೊನೆಗೆ ಎರಡು ಜಾಗ ಉಳಿದವು, ಚೀಲ ಖಾಲಿ. ನಾಗರಾಜ ಅದನ್ನು ನನಗಿಂತ ಮೊದಲೇ ಎಣಿಸಿದ್ದ.

"ಗೂಟ ಕಮ್ಮಿ ಬಿತ್ತಲ್ಲ ಮೇಡಂ. ಗುರುತು ಪೂರಾ ಆಗ್ದೆ ನಾನು ರುಜು ಹೆಂಗೆ ಹಾಕ್ಲಿ?"

ನಾನು ಸೈಕಲ್ಲಿನ ಹತ್ತಿರ ಹೋಗಿ ಹುರಿ ಬಿಚ್ಚತೊಡಗಿದೆ. ಗಂಟು ಬಿಗಿದಿತ್ತು, ಉಗುರು ಕೂರುತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ನನ್ನ ಪಕ್ಕ ಯಾರೋ ಕುಕ್ಕರಗಾಲಲ್ಲಿ ಕುಳಿತರು. ನಾಗರಾಜ. ಇನ್ನೊಂದು ಗಂಟನ್ನು ಹಲ್ಲಿನಿಂದ ಕಚ್ಚಿ ಬಿಡಿಸಿದ. ಸೈಕಲ್ಲು ಕಳಚಿ ಬಿತ್ತು. ಗೂಟ ಎರಡನ್ನೂ ತಾನೇ ಒಯ್ದು ನಾನು ತೋರಿಸಿದ ಜಾಗದಲ್ಲಿ ಹೊಡೆದ. ಆಮೇಲೆ ಮಹಜರಿಗೆ ರುಜು ಹಾಕಿದ. ಆಗ ಹಾಲಮ್ಮ ಕಲ್ಲಿನ ಮೇಲಿಂದ ಎದ್ದರು. ಸೊಂಟ ಹಿಡಿದುಹೋಗಿತ್ತು, ಏಳಲಿಕ್ಕೆ ನಾಗರಾಜನೇ ಕೈ ಕೊಡಬೇಕಾಯಿತು. ಕೈ ಹಿಡಿದುಕೊಂಡೇ ಅವನನ್ನು ಬೈದರು.

ಸಂಜೆ ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಕುಳಿತು ಸೊರಬಕ್ಕೆ ಬಂದೆ. ಸೈಕಲ್ಲು ಮಡಚಿಕೊಂಡು ಮೂಲೆಯಲ್ಲಿತ್ತು. ಮಡಚಿದ್ದು ಒಳ್ಳೆಯದಾಯಿತು ಎನ್ನಿಸಿದ್ದು ಅದೊಂದೇ ದಿನ, ಅದೂ ಬಿಚ್ಚಲು ಬಾರದೆ ಇದ್ದದ್ದಕ್ಕೆ.

ಮರುದಿನ ಇಮಾಮ್‌ಸಾಬರು ಮುರಿದ ಚಿಲಕವನ್ನು ಅಂಗೈಯಲ್ಲಿ ತೂಗಿ ನೋಡಿದರು. "ಪಟ್ಟಿ ಇಟ್ಟು ಬೆಸೆದುಬಿಡ್ತೀನಿ. ಮತ್ತೆ ಮಡಚಾಕೆ ಬರಲ್ಲ. ಏನಂತೀರಿ?"

ನನ್ನ ಗಂಡ ಕಂಗಾಲಾದರು. "ಮಡಚೋದಕ್ಕೇ ಅಲ್ವಾ ಅಷ್ಟು ಕೊಟ್ಟು ತಂದದ್ದು? ಬಸ್ಸಿಗೆ ಹೇಗೆ ಹಾಕ್ತೀಯಾ?"

"ಬೆಸೀರಿ ಸಾಬ್ರೇ" ಎಂದೆ. ಬಸ್ಸಿಗೆ ಹೇಗೆ ಹಾಕುವುದೆಂದು ನನಗೂ ಗೊತ್ತಿರಲಿಲ್ಲ. ಮೈಯಲ್ಲಿ ಸಿಟ್ಟಿತ್ತು, ಅಷ್ಟೇ.

ಎರಡು ದಿನ ಸೈಕಲ್ಲಿಲ್ಲದೆ ಬಸ್ಸು ಹತ್ತಿದೆ. ಮೂರನೆಯ ದಿನ ಚಂದ್ರಪ್ಪ ತಡೆಯಲಾರದೆ ಕೇಳಿದರು, "ಎಲ್ರೀ ಮೇಡಂ ನಿಮ್ಮ ಸಾಮಾನು?" ಬ್ಯಾಂಡೇಜಿನ ಕೈ ತೋರಿಸಿ ಎಲ್ಲ ಹೇಳಿದೆ, ಅದರಲ್ಲಿ ಅವರ ಪಾಲು ಎಷ್ಟೆಂಬುದನ್ನೂ ಬಿಡದೆ ಹೇಳಿದೆ. ಅವರು ಕೇಳಿಸಿಕೊಂಡು ಟಿಕೆಟಿನ ಯಂತ್ರದಿಂದ ಕಿವಿಯ ಹಿಂದೆ ತುರಿಸಿಕೊಂಡರು.

"ಅಲ್ಲ ಮೇಡಂ, ಸೈಕಲ್ಲು ಬೇಕಾಗೋದು ಸೊರಬದಾಗೆ. ಶಿಕಾರಿಪುರದಾಗೆ ನಿಮ್ಮ ಮನಿ ಬಸ್ ಸ್ಟ್ಯಾಂಡ್ ಹತ್ರಾನೇ ಅದೆ. ಅದನ್ನ ಸೊರಬದಾಗೇ ಬಿಟ್ಟು ಬರಬೋದಿತ್ತಲ್ಲ? ದಿನಾ ಎರಡು ಸಲ ಯಾಕೆ ಹೊತ್ರಿ?"

ಮಡಚಲು ಬರುತ್ತದೆಂಬ ಒಂದೇ ಕಾರಣಕ್ಕೆ ಏಳು ತಿಂಗಳು ಆ ಉಕ್ಕಿನ ಎಮ್ಮೆಯನ್ನು ಹೊತ್ತಿದ್ದೆ. ಗುಣ ದೋಷ ತೂಗಿದ ಯಾರಿಗೂ ಇದು ಹೊಳೆದಿರಲಿಲ್ಲ. ಊರೆಲ್ಲ ಅಳೆಯುವ ನನಗೂ ಹೊಳೆದಿರಲಿಲ್ಲ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು?" ಎಂದು ಸಿಡಿದೆ.

"ನೀವು ಎಲ್ಲಿ ಕೇಳಿದ್ರಿ? ಜಗಳಕ್ಕೇ ಬರ್ತಿದ್ರಿ, ನಾನೂ ಜಗಳನೇ ಮಾಡ್ದೆ" ಎಂದರು. ಹಿಂದಿನ ಸೀಟಿನವರಿಗೆ ಟಿಕೆಟು ಕೊಟ್ಟು ಬಂದು, "ಸೊರಬದ ಬಸ್ ಸ್ಟ್ಯಾಂಡ್ ಹಿಂದೇನೇ ನಮ್ಮಕ್ಕ ಲಲಿತಮ್ಮನ ಮನಿ. ಜಗಲಿ ಮ್ಯಾಲೆ ನಿಲ್ಲಿಸ್ರಿ. ನಾನು ಹೇಳಿರ್ತೀನಿ."

ಇಮಾಮ್‌ಸಾಬರು ಬೆಸೆದ ಸೈಕಲ್ಲನ್ನು ಪರಿಚಯದ ಲಾರಿಯೊಂದರಲ್ಲಿ ಸೊರಬಕ್ಕೆ ಕಳಿಸಿಕೊಟ್ಟರು. ಲಲಿತಮ್ಮ ಐವತ್ತು ದಾಟಿದವರು, ಮನೆಯಲ್ಲೇ ರವಿಕೆ ಹೊಲಿಯುತ್ತಾರೆ, ಮಾತು ಕಡಿಮೆ. ಒಂದು ವಾರ ಎಲ್ಲ ಸುಸೂತ್ರ. ಎರಡನೆಯ ಸೋಮವಾರ ಹೋದಾಗ ಸೈಕಲ್ಲು ತೊಳೆದು ಒರೆಸಿ ಫಳಫಳ ಎನ್ನುತ್ತಿತ್ತು. ಲಲಿತಮ್ಮ ಬಾಗಿಲಲ್ಲಿ ನಿಂತಿದ್ದರು. ಸೀರೆಯ ಅಂಚಿನಲ್ಲಿ ಸರಪಳಿಯ ಎಣ್ಣೆ ಕಪ್ಪಗೆ ಮೆತ್ತಿತ್ತು.

"ಒಂದು ಸುತ್ತು ಹೋಗಿ ಬಂದೆ ಮೇಡಂ" ಎಂದರು, ನೆಲ ನೋಡುತ್ತ. "ಬೈಬೇಡಿ."

ಯಾರನ್ನು ಕೇಳಿ ಮುಟ್ಟಿದಿರಿ ಎಂದು ನಾಲಗೆಯ ತುದಿಗೆ ಬಂತು. ಅಂಥ ಮಾತುಗಳು ನನ್ನ ನಾಲಗೆಯ ತುದಿಯಲ್ಲಿ ಸದಾ ಸಿದ್ಧವಿರುತ್ತವೆ.

"ಎಲ್ಲಿವರೆಗೆ ಹೋಗಿದ್ರಿ?" ಎಂದು ಕೇಳಿದೆ.

"ಊರ ಹೊರಗಿನ ಇಳಿಜಾರು ತಂಕ. ಹೋಗೋದು ಹೋದೆ. ನಿಲ್ಲಿಸೋದು ಗೊತ್ತಾಗ್ಲಿಲ್ಲ."

"ಎಡಗಡೆ ಬ್ರೇಕ್ ಮೊದಲು ಹಿಡೀಬೇಕು. ಬಲಗಡೆದು ಆಮೇಲೆ, ಮೆತ್ತಗೆ" ಎಂದು ಕೈ ಹಿಡಿದು ತೋರಿಸಿದೆ. ಗೇರು ಬದಲಿಸುವುದನ್ನೂ ತೋರಿಸಿದೆ. ಅವತ್ತು ಒಂದು ಅಳತೆಗೆ ಅರ್ಧ ಗಂಟೆ ತಡವಾಗಿ ಹೋಗಿ ಬೈಸಿಕೊಂಡೆ.

ಕಳೆದ ವಾರ ಬಸ್ಸು ಹತ್ತುತ್ತಲೇ ಚಂದ್ರಪ್ಪ ಎರಗಿದರು. ಅವರ ಮುಖ ಕೆಂಪಗಿತ್ತು.

"ಮೇಡಂ, ಏನ್ ಕಲಿಸಿಟ್ಟೀರಿ ನಮ್ಮಕ್ಕಗೆ? ನಿನ್ನೆ ಭಾನುವಾರ ಊಟಕ್ಕೆ ಹೋದ್ರೆ ಮನಿಗೆ ಬೀಗ! ಪಕ್ಕದ ಮನೆಯೋರು ಹೇಳ್ತಾರೆ, ಬೆಳಿಗ್ಗೇನೇ ಸೈಕಲ್ಲು ಹತ್ತಿ ಗುಡವಿ ಕೆರೆ ಕಡೆ ಹೋದ್ರು ಅಂತ. ಒಬ್ಬಳೇ! ಈ ವಯಸ್ಸಿನಾಗೆ! ಕೇಳಿದ್ರೆ ಹಕ್ಕಿ ನೋಡಾಕೆ ಹೋಗಿದ್ದೆ ಅಂತಾಳೆ. ಮೂವತ್ತು ವರ್ಷದಿಂದ ಅದೇ ಊರಾಗೆ ಅದಾಳೆ, ಒಂದು ದಿನ ಹಕ್ಕಿ ಸುದ್ದಿ ಎತ್ತಿರಲಿಲ್ಲ! ಮುಂದಿನ ಭಾನುವಾರನೂ ಹೋಗ್ತಾಳಂತೆ. ನನ್ನ ಊಟದ ಗತಿ ಏನ್ರೀ?"

ಅವರ ಬೈಗುಳ ಶಿರಾಳಕೊಪ್ಪ ದಾಟಿದರೂ ನಿಲ್ಲಲಿಲ್ಲ. ನಾನು ಟಿಕೆಟು ತೆಗೆದುಕೊಂಡು, ಕಿಟಕಿಯ ಪಕ್ಕ ಕುಳಿತು, ಸೊರಬ ಬರುವವರೆಗೆ ಒಂದೂ ಮಾತಾಡದೆ ಕೇಳಿಸಿಕೊಂಡೆ.